ಬೆಟ್ಟದ ‘ಪಾಸ್’: ಕಣಿವೆಯೋ, ಘಾಟಿಯೋ?

ಎಲ್ಲರಿಗೂ ನಮಸ್ಕಾರ.

ಮನಾಲಿಯಿಂದ ಲೇಹ್‌ಗೆ ಬೈಕಿನಲ್ಲಿ ಹೋಗಿ ಬಂದದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟಾರು ರಸ್ತೆಗೂ ಕಲ್ಲುಮಣ್ಣಿನ ದಾರಿಗೂ ಆಗುವಂಥ ಬೈಕು. ಅದು ಎಲ್ಲೂ ನಿಲ್ಲಲಿಲ್ಲ, ಬರವಣಿಗೆ ಮಾತ್ರ ಎರಡನೇ ಪುಟಕ್ಕೇ ನಿಂತಿದೆ. ಅಡ್ಡ ಬಂದ ಪದ ‘ಪಾಸ್’, ಅಂದರೆ ಬೆಟ್ಟದ ಸಾಲನ್ನು ದಾಟುವ ದಾರಿ.

ಈ ದಾರಿಯಲ್ಲಿ ಬಾರಾಲಾಚಾ ಲಾ, ನಕೀ ಲಾ, ಲಾಚುಂಗ್ ಲಾ, ತಂಗ್‌ಲಂಗ್ ಲಾ ಒಂದಾದ ಮೇಲೊಂದು ಬರುತ್ತವೆ. ಕೊನೆಯದು 5,300 ಮೀಟರಿಗೂ ಮೇಲಿದೆ. ಲಡಾಖಿ, ಟಿಬೆಟನ್ ಮಾತಿನಲ್ಲಿ ‘ಲಾ’ ಅಂದರೇನೇ ಪಾಸ್. ಹಾಗಾಗಿ ‘ಖರ್ದುಂಗ್ ಲಾ ಪಾಸ್’ ಅನ್ನುವುದು ‘ಗೇಟುಬಾಗಿಲು’ ಅಂದ ಹಾಗೆ. ಹೆಸರಿನೊಳಗೆ ‘ಲಾ’ ಇರಲಿ, ಸಾಕು. ಆದರೆ ‘ನಾಳೆ ಎರಡು ಪಾಸ್ ದಾಟಬೇಕು’ ಅನ್ನುವ ಕಡೆ ಏನು ಬರೆಯಲಿ?

ಮೊದಲು ‘ಘಾಟಿ’ ಅಂತ ಬರೆದೆ. ಆಗುಂಬೆ, ಚಾರ್ಮಾಡಿ, ಶಿರಾಡಿ ನೋಡಿದವರಿಗೆ ಬಾಯಿಗೆ ಬರುವುದೇ ಅದು, ಅಲ್ವಾ? ಆದರೆ ಹೊಂದಲಿಲ್ಲ. ನಮ್ಮ ಘಟ್ಟ ಒಂದೇ ಕಡೆಯ ಏರು. ಸೋಮೇಶ್ವರದಿಂದ ಸುತ್ತಿ ಸುತ್ತಿ ಹತ್ತಿ ಆಗುಂಬೆ ಮುಟ್ಟಿದರೆ ಮಲೆನಾಡು. ಆಚೆ ಕಡೆ ಅಷ್ಟೇ ಇಳಿಯುವುದು ಇಲ್ಲ. ಅದಕ್ಕೇ ನಾವು ‘ಘಟ್ಟದ ಮೇಲಿನವರು’, ‘ಘಟ್ಟದ ಕೆಳಗಿನವರು’ ಅನ್ನುವುದು. ಲಾ ಹಾಗಲ್ಲ. ಹತ್ತಬೇಕು, ಪ್ರಾರ್ಥನೆಯ ಬಾವುಟಗಳ ಹತ್ತಿರ ಸ್ವಲ್ಪ ನಿಂತು ಉಸಿರು ತಗೊಳ್ಳಬೇಕು, ಆಮೇಲೆ ಆಚೆ ಇಳಿಯಬೇಕು. ಇನ್ನೊಂದು ತೊಡಕೂ ಇದೆ. ಹಿಂದಿಯವರಿಗೆ ಘಾಟಿ ಅಂದರೆ ವ್ಯಾಲಿ. ಅವರ ‘ಕಶ್ಮೀರ್ ಘಾಟಿ’ ನಮ್ಮ ‘ಕಾಶ್ಮೀರ ಕಣಿವೆ’.

ಇನ್ನು ‘ಕಣಿವೆ’. ಇವತ್ತು ಈ ಪದ ಕೇಳಿದರೆ ಬೆಟ್ಟಗಳ ನಡುವಿನ ತಗ್ಗು, ಹಸಿರು, ನದಿ ಕಣ್ಣಿಗೆ ಬರುತ್ತದೆ. ಆದರೆ ಶಾಲೆಯಲ್ಲಿ ‘ಖೈಬರ್ ಕಣಿವೆ’, ‘ಬೋಲನ್ ಕಣಿವೆ’ ಅಂತ ಓದಿದ್ದೇವಲ್ಲ, ಅವು ಪಾಸ್‌ಗಳು. ಇದು ಅನುವಾದದ ತಪ್ಪು ಅಂತ ತುಂಬಾ ದಿನ ನಂಬಿದ್ದೆ. ಈಗ ಅದೇ ಸರಿ ಅನ್ನಿಸುತ್ತಿದೆ. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿ ಅದು. ವೇದಾವತಿ ಅಲ್ಲಿ ತೂರಿಕೊಂಡು ಹೋಗುತ್ತಿತ್ತು. ಆ ಸಂದಿ ಅಷ್ಟು ಕಿರಿದಾದ್ದರಿಂದಲೇ ಅಲ್ಲಿ ಅಣೆಕಟ್ಟು ಕಟ್ಟಿ 1907ರಲ್ಲಿ ಮುಗಿಸಿದರು. ನೀರು ನಿಂತಿರುವುದು ಅದರ ಹಿಂದಿನ ಅಗಲವಾದ ತಗ್ಗಿನಲ್ಲಿ. ಕಣಿವೆ ಅನ್ನುವ ಹೆಸರು ಆ ತಗ್ಗಿಗಲ್ಲ, ಸಂದಿಗೆ. ನೆರೆಯವರ ಮಾತೂ ಇದಕ್ಕೆ ಹೊಂದುತ್ತದೆ. ತೆಲುಗಿನ ‘ಕನುಮ’, ತಮಿಳಿನ ‘ಕಣವಾಯ್’ ಎರಡಕ್ಕೂ ಬೆಟ್ಟ ದಾಟುವ ದಾರಿ ಅನ್ನುವ ಅರ್ಥವೇ ಇದೆ. ತಮಿಳಿನಲ್ಲಿ ಖೈಬರ್ ಪಾಸ್ ಈಗಲೂ ‘ಕೈಬರ್ ಕಣವಾಯ್’.

ಹಾಗಾಗಿ ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ. ದಾಟುವ ಸಂದಿಗೆ ಕಣಿವೆ. ಅದಕ್ಕೆ ಹತ್ತುವ ಸುತ್ತುದಾರಿಗೆ ಘಾಟಿ. ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್‌ನಲ್ಲಿ 21 ಹಿಮ್ಮುರಿ ತಿರುವುಗಳಿವೆ, ಅದಕ್ಕೆ ಘಾಟಿ ಚೆನ್ನಾಗಿ ಒಪ್ಪುತ್ತದೆ. ವ್ಯಾಲಿಗೆ ‘ಕೊಳ್ಳ’. ಆದರೆ ಲಡಾಖಿನ ನುಬ್ರಾ ವ್ಯಾಲಿಯನ್ನು ‘ನುಬ್ರಾ ಕೊಳ್ಳ’ ಅಂದರೆ ಓದುವವರಿಗೆ ಬರೀ ಸಣ್ಣ ಕೊರಕಲು ಅನ್ನಿಸುತ್ತದೇನೋ ಅನ್ನುವ ಅಳುಕಿದೆ. ನುಬ್ರಾ ತುಂಬಾ ಅಗಲ, ಅಲ್ಲಿ ಮರಳ ದಿಬ್ಬಗಳೇ ಇವೆ.

ಜೊತೆಗೆ ಒಂದು ಸಣ್ಣ ವಿಷಯ. ಆ ಕಡೆಯವರು ರಸ್ತೆಗೆ ಅಡ್ಡ ಹರಿಯುವ ಹಿಮದ ನೀರಿಗೆ ‘ನಾಲಾ’ ಅನ್ನುತ್ತಾರೆ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ನೀರು ಜಾಸ್ತಿಯಾಗುವುದರಿಂದ ಬೆಳಿಗ್ಗೆ ಬೇಗ ದಾಟಬೇಕು. ಇದನ್ನು ‘ನಾಲೆ’ ಅಂತ ಬರೆದರೆ ಮಂಡ್ಯದವರಿಗೆ ಗದ್ದೆಗೆ ನೀರು ತರುವ ಕಾಲುವೆ ಕಾಣುತ್ತದೆ. ಇಲ್ಲಿ ‘ಹಳ್ಳ’ ಅಂತ ಬರೆದಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಕೇಳಬೇಕಾದ್ದು ಇಷ್ಟು. ಚಿತ್ರದುರ್ಗ, ಬಳ್ಳಾರಿ, ತುಮಕೂರಿನ ಕಡೆಯವರೇ, ನಿಮ್ಮ ಮನೆಯ ಹಿರಿಯರು ಕಣಿವೆ ಅಂದಾಗ ಯಾವುದನ್ನು ತೋರಿಸುತ್ತಾರೆ, ತಗ್ಗನ್ನೋ ಸಂದಿಯನ್ನೋ? ‘ಕಣಿವೆ ದಾಟಿ ಹೋದರು’ ಅನ್ನುವ ಮಾತು ಬಳಕೆಯಲ್ಲಿದೆಯೇ? ಗುಡ್ಡದ ನಡುವಿನ ದಾರಿಗೆ ನಿಮ್ಮೂರಲ್ಲಿ ಬೇರೆ ಪದವೇ ಇದ್ದರೆ, ಅದು ಯಾವ ಗುಡ್ಡ ಅನ್ನುವುದನ್ನೂ ಸೇರಿಸಿ ತಿಳಿಸಿ.