ಹೇಳಿದ್ರಷ್ಟೇ ಕೆಲಸ ಮಾಡೋ ಮಕ್ಕಳಿಗೆ ಮನೆ ಜವಾಬ್ದಾರಿ ಬರೋದು ಹೇಗೆ?

ಲಾಸ್ಟ್_ಬಸ್‌ಸ್ಟಾಪ್ (ದಾವಣಗೆರೆ):
ಮಗ 9ನೇ ಕ್ಲಾಸ್, ಮಗಳು ಫಸ್ಟ್ ಪಿಯು. ಹೇಳಿದ್ರೆ ಮಾಡ್ತಾರೆ, ಹೇಳ್ಲಿಲ್ಲ ಅಂದ್ರೆ ಇಲ್ಲ. ಮೋಟ್ರು ಹಾಕು ಅಂತ ಒಂದ್ಸಲ, ಆಫ್ ಮಾಡು ಅಂತ ಇನ್ನೊಂದ್ಸಲ ಕೂಗ್ಬೇಕು. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದಾಯ್ತು, ದುಡ್ಡಿನ ಆಸೆ ತೋರಿಸಿದ್ದೂ ಆಯ್ತು. ಬೇರೆ ದಾರಿ ಇದ್ರೆ ಹೇಳಿ.

ಸಂಪು_ಟ್ಯಾಂಕು:
ಸ್ವಿಚ್ ಒತ್ತೋದು ಕೆಲಸದ ಬಾಲ ಅಷ್ಟೇ ರೀ. ತಲೆ ನಿಮ್ಮ ಹತ್ರನೇ ಇದ್ರೆ ಅವ್ರು ಯಾಕೆ ನೆನಪಿಟ್ಕೋಬೇಕು? ನಿಮ್ಮ ಕೂಗೇ ಅವ್ರಿಗೆ ಅಲಾರಂ. 'ಮನೆ ನೀರು' ಅನ್ನೋದನ್ನ ಪೂರ್ತಿ ಮಗನಿಗೆ ಬಿಡಿ: ನಲ್ಲಿ ಯಾವತ್ತು ಬರುತ್ತೆ ಅಂತ ನೀರು ಬಿಡೋರನ್ನ ಕೇಳೋದು, ಸಂಪು ತುಂಬಿಸೋದು, ಟ್ಯಾಂಕಿಗೆ ಏರಿಸೋದು, ಕುಡಿಯೋ ನೀರಿನ 20 ಲೀಟರ್ ಕ್ಯಾನ್ ತರೋದು.

ಮೊದಲ ವಾರ ಜೊತೆಗೆ ನಿಂತು ಮಾಡಿಸಿ. ಸಂಪಿಗೆ ಉದ್ದ ಕೋಲು ಬಿಟ್ಟು ನೀರೆಷ್ಟಿದೆ ನೋಡೋದು ಕಲೀಲಿ. ಫುಟ್‌ವಾಲ್ವ್‌ಗಿಂತ (ಸಂಪಿನೊಳಗೆ ನೀರು ಎಳೆಯೋ ಪೈಪಿನ ತುದೀಲಿರೋ ವಾಲ್ವ್) ಒಂದು ಗೇಣು ಮೇಲಕ್ಕೆ ಕೋಲಿನ ಮೇಲೆ ಕೆಂಪು ಗೆರೆ ಎಳೀರಿ. ನೀರು ಗೆರೆಗಿಂತ ಕೆಳಗಿದ್ರೆ ಮೋಟ್ರು ಹಾಕೋ ಹಾಗಿಲ್ಲ. ಗಾಳಿ ಎಳೆದು ಒಣ ಓಡಿದ್ರೆ ಮೊದಲು ಸೀಲ್, ಆಮೇಲೆ ಮೋಟ್ರೊಳಗಿನ ತಂತಿ ಸುತ್ತೂ (ವೈಂಡಿಂಗ್) ಸುಟ್ಟುಹೋಗುತ್ತೆ. ಖಾಲಿ ಟ್ಯಾಂಕ್ ತುಂಬೋಕೆ ಎಷ್ಟು ನಿಮಿಷ ಅಂತ ಅವನೇ ಗಡಿಯಾರ ನೋಡಿ ಬರ್ಕೊಳ್ಳಲಿ. 40 ಬಂದ್ರೆ 35ಕ್ಕೆ ಟೈಮರ್, ಅದೂ ಅವನ ಕೈಲಿರೋ ಫೋನಲ್ಲೇ. ಒದ್ದೆ ಕೈಲಿ ಸ್ವಿಚ್ ಮುಟ್ಟಬಾರದು. ತೊಳೀತೀನಿ ಅಂತ ಸಂಪಿಗೆ ಇಳಿಯೋದಂತೂ ಬೇಡವೇ ಬೇಡ, ಮುಚ್ಚಿದ್ದ ಸಂಪಲ್ಲಿ ಉಸಿರುಕಟ್ಟಿ ಪ್ರಾಣ ಹೋಗುತ್ತೆ.

ಎರಡನೇ ವಾರದಿಂದ ನೀವು ಬಾಯಿ ಬಿಡ್ಬಾರದು. ತಂದೆ-ತಾಯಿ ಸೋಲೋದು ಇಲ್ಲೇ. ಬೆಳಿಗ್ಗೆ ನೀರಿಲ್ಲ ಅಂದ್ರೆ ಓಡಿಹೋಗಿ ಸ್ವಿಚ್ ಹಾಕ್ಬೇಡಿ, ಮುಖಕ್ಕೆ ಸೋಪು ಹಚ್ಕೊಂಡು ನಿಂತಿರೋ ಅಕ್ಕನೇ ಕೂಗ್ಲಿ. ಅಡುಗೆಮನೇಲಿ ಎರಡು ಕೊಡ ತುಂಬಿಸಿಟ್ಟಿರಿ, ಮಗನಿಗೆ ಮಾತ್ರ ಗೊತ್ತಾಗ್ಬಾರದು.

ದುರ್ಗದ_ಬಿಸಿಲು:
ಮಗಳಿಗೆ ಒಲೆ, ಮಗನಿಗೆ ಮೋಟ್ರು ಅಂತ ಖಾಯಂ ಮಾಡ್ಬೇಡಿ. ಮೂರು ತಿಂಗಳಿಗೊಮ್ಮೆ ಅದಲುಬದಲು ಆಗ್ಲಿ.

ಕುಕ್ಕರ್ ಕಲಿಸೋವಾಗ ವಿಸಿಲ್ ಎಣಿಸೋಕಿಂತ ಮುಂಚೆ ಮುಚ್ಚಳನ ಬೆಳಕಿಗೆ ಹಿಡಿದು ತೂತಲ್ಲಿ ಆಚೆ ಕಡೆ ಕಾಣ್ತಿದೆಯಾ ನೋಡೋದು ಕಲಿಸಿ. ಬೇಳೆ ನೀರು ಸೇರಿ ಅರ್ಧ ಕುಕ್ಕರ್ ದಾಟಬಾರದು, ದಾಟಿದ್ರೆ ನೊರೆ ಉಕ್ಕಿ ಅದೇ ತೂತಿಗೆ ಕಟ್ಟುತ್ತೆ. ಒತ್ತಡ ಪೂರ್ತಿ ಇಳಿಯೋವರೆಗೂ ಮುಚ್ಚಳಕ್ಕೆ ಕೈ ಹಾಕ್ಬಾರದು. ಹುಡುಗರಿಗೆ ತಡೆಯೋ ತಾಳ್ಮೆ ಇರಲ್ಲ, ಹಿಡಿಕೆ ಎಳೆದಾಡ್ತಾರೆ. ಅದನ್ನ ನೀವು ಪಕ್ಕದಲ್ಲೇ ನಿಂತು ನೋಡ್ಕೋಬೇಕು.

ಮನೆ ಕೆಲಸಕ್ಕೆ ಕೂಲಿ ಬೇಡ. 'ಇವತ್ತು ದುಡ್ಡೂ ಬೇಡ, ಕೆಲಸಾನೂ ಬೇಡ' ಅಂದುಬಿಟ್ರೆ ನಿಮ್ಮ ಹತ್ರ ಉತ್ತರ ಇರಲ್ಲ. ಅದರ ಬದಲು ವಾರದ ತರಕಾರಿ ದುಡ್ಡು, 400 ಅನ್ಕೊಳ್ಳಿ, ಮಗಳ ಕೈಗೆ ಕೊಡಿ. ಬುಧವಾರಕ್ಕೇ ಮುಗಿದ್ರೆ ಶನಿವಾರದವರೆಗೂ ಬರೀ ಬೇಳೆಸಾರು. ಉಳಿದ್ರೆ ಅವಳದೇ, ಮಿರ್ಚಿ-ಮಂಡಕ್ಕಿ ತಿನ್ಲಿ. ಮೊದಲ ವಾರ ಟೊಮೆಟೊ ಮೆತ್ತಗಾಗಿರುತ್ತೆ, ಕೊತ್ತಂಬರಿ ಎರಡು ಕಟ್ಟು ಜಾಸ್ತಿ ಬಂದಿರುತ್ತೆ. ಬೈಬೇಡಿ, ಹಾಗೇ ಒಗ್ಗರಣೆಗೆ ಹಾಕಿ.

ಖಾಲಿ_ಕ್ಯಾನು:
ಕ್ಯಾನ್ ತರೋಕೆ ಅಂತ ಸ್ಕೂಟಿ ಕೀ ಕೊಟ್ಟೀರಾ ಮತ್ತೆ! 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬೋವರೆಗೂ ಲೈಸೆನ್ಸ್ ಸಿಗಲ್ಲ. ಸೈಕಲ್ ಕ್ಯಾರಿಯರ್‌ಗೆ ಹಗ್ಗ ಬಿಗಿದ್ರೆ ಸಾಕು.

ಪರೀಕ್ಷೆ ಬಂತು ಅಂತ ಕೆಲಸ ಪೂರ್ತಿ ಬಿಡಿಸ್ಬೇಡಿ. ಕ್ಯಾನ್ ನೀವು ತನ್ನಿ, ಟ್ಯಾಂಕು ಅವನದೇ ಇರ್ಲಿ. ಒಮ್ಮೆ ವಾಪಸ್ ತಗೊಂಡ್ರೆ ಜೂನ್‌ನಲ್ಲಿ ಮತ್ತೆ ಮೊದಲಿಂದ.

ಲಾಸ್ಟ್_ಬಸ್‌ಸ್ಟಾಪ್:
ಥ್ಯಾಂಕ್ಸ್ ಎಲ್ರಿಗೂ. ಟ್ಯಾಂಕಿಗೆ ಆಟೋಮ್ಯಾಟಿಕ್ ಸ್ವಿಚ್ ಹಾಕಿಸಿಬಿಟ್ರೆ?

ಸಂಪು_ಟ್ಯಾಂಕು:
ಹಾಕಿಸಿ, ಆದ್ರೆ ಮೂರು ತಿಂಗಳು ಬಿಟ್ಟು. ಬೋರ್ ನೀರು ಮಿಕ್ಸ್ ಇದ್ರೆ ಸೆನ್ಸರ್ ಕಡ್ಡಿಗೆ ಬಿಳಿ ಉಪ್ಪು ಕಟ್ಟಿ, ಟ್ಯಾಂಕ್ ತುಂಬಿದ್ರೂ ಮೋಟ್ರು ನಿಲ್ಲಲ್ಲ. ಮೇನ್ ಆಫ್ ಮಾಡಿ, ತಿಂಗಳಿಗೊಮ್ಮೆ ಕಡ್ಡಿಗೆ ನಿಂಬೆಹೋಳು ಉಜ್ಜಿ ತೊಳೀಬೇಕು. ಆ ಕೆಲಸಾನೂ ಅವನ ಪಟ್ಟಿಗೇ ಸೇರಿಸಿ.