ಅಕ್ಕನ ಮಗನಿಗೆ 11 ವರ್ಷ, ಕೋವಿ ಒದೆತಕ್ಕೆ ಹೆದರ್ಕೊಂಡಿದಾನೆ, ಏನ್ ಮಾಡೋದು?

ತುಂಗಾತೀರ:
ನಮಸ್ಕಾರ ಎಲ್ರಿಗೂ. ನಮ್ದು ತೀರ್ಥಹಳ್ಳಿ ಹತ್ರ, ಅಕ್ಕ ಭಾವ ಇರೋದು ಟೆಕ್ಸಾಸಲ್ಲಿ. ಅಲ್ಲಿ ನವೆಂಬರ್ ಬಂತಂದ್ರೆ ಲೈಸೆನ್ಸ್ ತಗೊಂಡು ಜಿಂಕೆ ಶಿಕಾರಿಗೆ ಹೋಗೋದು ಮಾಮೂಲು, ಮಕ್ಕಳನ್ನೂ ಕರ್ಕೊಂಡು ಹೋಗ್ತಾರೆ. ಭಾವನ ಸ್ನೇಹಿತರೊಬ್ರು ಹುಡುಗನ ಕೈಗೆ ಸೀದಾ .30-06 ಅನ್ನೋ ಜೋರಾಗಿ ಒದೆಯೋ ದೊಡ್ಡ ರೈಫಲ್ ಕೊಟ್ಟು ಹೊಡೆಸಿದಾರೆ, ಮೊದಲನೇ ಈಡಿಗೇ ಭುಜ ಬಾತು ಅತ್ತುಬಿಟ್ನಂತೆ, ಈಗ ಟ್ರಿಗರ್ ಮೇಲೆ ಬೆರಳಿಟ್ರೆ ಸಾಕು ಕಣ್ಣು ಮುಚ್ಕೊಳ್ತಾನೆ. ಒದೆತ ಕಮ್ಮಿ ಇರೋ ತೋಟಾ ಸಿಗುತ್ತಂತೆ, ಅದ್ರಲ್ಲಿ ಹೊಡೆದ್ರೆ ಜಿಂಕೆ ಅಲ್ಲೇ ಬೀಳುತ್ತಾ ಇಲ್ಲಾ ಗಾಯ ಆಗಿ ಓಡಿ ನರಳುತ್ತಾ? ಅಕ್ಕನಿಗೆ ಅದೇ ಚಿಂತೆ. ಇನ್ನೊಂದು, ಜೂನಲ್ಲಿ ಊರಿಗೆ ಬರ್ತಾನೆ, ಅಪ್ಪಯ್ಯನ ಜೋಡುನಳಿಗೆ ಕೋವೀಲಿ ಕಲಿಸ್ಬಹುದಾ?

ಸಾಗರದವ:
ನಾನು ಟೆಕ್ಸಾಸಲ್ಲೇ 9 ವರ್ಷ ಇದ್ದೆ, ಮಗಳಿಗೆ ನಾನೇ ಕಲಿಸಿದ್ದು, ಅದಕ್ಕೇ ಉದ್ದ ಬರೀತಿದೀನಿ. ಮೊದ್ಲು ಆ .30-06 ಒಳಗಿಡ್ಸಿ. .22 ಅನ್ನೋ ಸಣ್ಣ ಗುಂಡಿನ ರೈಫಲಲ್ಲಿ ಒಂದೆರಡು ತಿಂಗಳು ಬರೀ ಕಾಗದಕ್ಕೆ ಹೊಡೀಲಿ, ಅದು ಒದೆಯೋದೇ ಇಲ್ಲ ಅನ್ನಬಹುದು. ಆಮೇಲೆ .243 ಅನ್ನೋ ನಡುವಿನ ಅಳತೆ ರೈಫಲ್, ಅದ್ರ ಒದೆತ .30-06ದಕ್ಕಿಂತ ಹೆಚ್ಚುಕಡಿಮೆ ಅರ್ಧ, ಜಿಂಕೆಗೆ ಧಾರಾಳ ಸಾಕು. ಅದೇ ಹಳೇ ರೈಫಲ್ ಬೇಕು ಅಂದ್ರೆ 125 ಗ್ರೇನ್ (ಗುಂಡಿನ ತೂಕದ ಅಳತೆ) ಹಗುರ ಬುಲೆಟ್ಟಿನ ಕಮ್ಮಿ ಮದ್ದಿನ ತೋಟಾ ಬರುತ್ತೆ, ಆದ್ರೆ ಗುಂಡು ಬೇರೆ ಜಾಗಕ್ಕೆ ಬೀಳುತ್ತೆ, ಸ್ಕೋಪ್ ಮತ್ತೆ ಹೊಂದಿಸ್ಬೇಕು, 100 ಗಜದೊಳಗೆ ಜಿಂಕೆ ಪಕ್ಕೆ ನಮ್ಮ ಕಡೆ ಮಾಡಿ ಅಡ್ಡ ನಿಂತಾಗ ಮಾತ್ರ ಹೊಡೀಬೇಕು. ಮನೇಲಿ ತೋಟಾ ತುಂಬೋರು ಯಾರಾದ್ರೂ ಮದ್ದು ಕಮ್ಮಿ ಮಾಡ್ಕೊಡ್ತೀನಿ ಅಂದ್ರೆ ಒಪ್ಪಬೇಡಿ, ಎಲ್ಲ ಮದ್ದನ್ನೂ ಹಾಗೆ ಇಳಿಸೋ ಹಾಗಿಲ್ಲ, ಕೆಲವು ತೀರಾ ಕಮ್ಮಿಯಾದ್ರೂ ಅಪಾಯ.

ಹೆದರಿಕೆ ಬಿಡ್ಸೋಕೆ ನಾನು ಮಾಡಿದ್ದು ಇದು: ಅವಳಿಗೆ ಗೊತ್ತಾಗದ ಹಾಗೆ ನಡುನಡುವೆ ಒಂದೊಂದು ಡಮ್ಮಿ, ಅಂದ್ರೆ ಮದ್ದಿಲ್ಲದ ತೋಟಾ ಹಾಕ್ತಿದ್ದೆ. ಟ್ರಿಗರ್ ಎಳೆದಾಗ ಟಕ್ ಅಂತ ಶಬ್ದ ಅಷ್ಟೇ, ಆದ್ರೂ ನಳಿಗೆ ತುದಿ ಬುಳಕ್ಕನೆ ಕೆಳಗೆ ಹೋಗ್ತಿತ್ತು. ಅದನ್ನ ಅವಳೇ ನೋಡಿದ್ಲು, ಎರಡು ವಾರದಲ್ಲಿ ನಿಂತುಹೋಯ್ತು. ಕಿವಿ ಒಳಗೆ ಬತ್ತಿ, ಅದ್ರ ಮೇಲೆ ಕಿವಿ ಮುಚ್ಚೋ ಮಫ್, ಎರಡೂ ಬೇಕು, ಮಕ್ಕಳು ಒದೆತಕ್ಕಿಂತ ಶಬ್ದಕ್ಕೇ ಜಾಸ್ತಿ ಹೆದರೋದು. ಅಲ್ಲಿ 9 ವರ್ಷಕ್ಕೆ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಸಿಗುತ್ತೆ, ಮಾಡಿಸಿ.

ಅಡಿಕೆತೋಟ:
ಊರಿನ ಕೋವಿ ವಿಷ್ಯ ಮಾತ್ರ ಬೇಡವೇ ಬೇಡ. 1959ರ ಆಯುಧ ಕಾಯ್ದೇಲಿ 21 ವರ್ಷ ಆಗದೆ ಲೈಸೆನ್ಸ್ ಇಲ್ಲ, ಅಪ್ಪಯ್ಯನ ಲೈಸೆನ್ಸ್ ಅಪ್ಪಯ್ಯನಿಗೆ ಮಾತ್ರ. ಶಿಕಾರಿಯಂತೂ 1972ರ ವನ್ಯಜೀವಿ ಕಾಯ್ದೆಯಿಂದ ಬಂದ್, ಲೈಸೆನ್ಸಲ್ಲಿ ಬೆಳೆ ರಕ್ಷಣೆಗೆ ಅಂತ ಬರೆದಿದೆ ಅಂತ ಹಂದಿ ಹೊಡೆಯೋ ಹಾಗಿಲ್ಲ. ತೋಟ ಎಲ್ಲಾ ಹಂದಿ ಉತ್ತುಹಾಕಿದ್ದು ನೋಡಿ ನಂಗೂ ಹೊಟ್ಟೆ ಉರಿಯುತ್ತೆ, ಆದ್ರೂ ಮಗು ಕೈಲಿ ತಪ್ಪು ಮಾಡಿಸ್ಬೇಡಿ. 20 ಜೂಲ್ ಒಳಗಿನ ಶಕ್ತಿಯ .177 ಏರ್ ರೈಫಲ್ಲಿಗೆ (ಗಾಳಿ ಒತ್ತಡದ ಕೋವಿ) ಲೈಸೆನ್ಸ್ ಬೇಡ, ಅಂಗಳದಲ್ಲಿ ಹಿಂದ್ಗಡೆ ಮಣ್ಣಿನ ದಿಬ್ಬ ಇರೋ ಕಡೆ ಕಾಗದ ಕಟ್ಟಿ ಹೊಡೆಸಿ, ಹಕ್ಕಿಗೆ ಗುರಿ ಇಡೋಕೆ ಬಿಡಬೇಡಿ.

ಮಳೆಗಾಲ:
ನಂಗೆ 13 ಇದ್ದಾಗ ದೊಡ್ಡಪ್ಪ ತೋಟಾ ಕೋವಿ ಕೊಟ್ಟು ತೆಂಗಿನ ಚಿಪ್ಪಿಗೆ ಹೊಡಿ ಅಂದಿದ್ರು, ಭುಜಕ್ಕೆ ಒತ್ತಿ ಹಿಡ್ಕೋ ಅಂತ ಒಬ್ರೂ ಹೇಳ್ಲಿಲ್ಲ. ಕೋವಿ ಬಟ್ (ಭುಜಕ್ಕೆ ಒತ್ತೋ ಹಿಂಬದಿ) ಉದ್ದ ಆಗಿ ತೋಳಿನ ಮೇಲೆ ಕೂತಿತ್ತು, ಅಲ್ಲಿ ನೇರಳೆಹಣ್ಣಿನ ಬಣ್ಣ ಬಂದಿದ್ದು ಅಮ್ಮನಿಗೆ ಕಾಣದ ಹಾಗೆ ಎಂಟು ದಿನ ತುಂಬುತೋಳಿನ ಅಂಗಿ ಹಾಕಿದ್ದೆ. ಇವತ್ತಿಗೂ ದೀಪಾವಳಿ ಗರ್ನಾಲಿಗೆ ಭುಜ ಹಿಂದೆ ಎಳ್ಕೊಳ್ಳುತ್ತೆ. ಬಟ್ ಅಳತೆ ನೋಡಿ ದಯವಿಟ್ಟು, ಮೊಣಕೈ ಮಡಚಿ ಮಡಿಕೆ ಒಳಗೆ ಬಟ್ ಇಟ್ರೆ ತೋರುಬೆರಳು ಆರಾಮಾಗಿ ಟ್ರಿಗರ್ ಮುಟ್ಬೇಕು.

ತುಂಗಾತೀರ:
ಎಲ್ಲಾ ಅಕ್ಕನಿಗೆ ಫೋನಲ್ಲಿ ಓದಿ ಹೇಳ್ದೆ. ಅಳತೆ ನೋಡಿದ್ರಂತೆ, ಬೆರಳು ಟ್ರಿಗರಿಗೆ ಎರಡಿಂಚು ಹಿಂದೇ ಉಳಿಯುತ್ತೆ, ಯಾರೂ ಗಮನಿಸಿರ್ಲಿಲ್ಲ. ಈ ವರ್ಷ ಶಿಕಾರಿ ಬೇಡ, ಭಾವನ ಜೊತೆ ಸುಮ್ನೆ ಕೂತು ನೋಡ್ಲಿ ಅಂದಿದಾಳೆ. ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ, ಮೊಮ್ಮಗ ಬರ್ತಾನೆ ಅಂತ ಕೋವಿಗೆ ಎಣ್ಣೆ ಹಾಕ್ಕೊಂಡು ಕೂತಿದಾರೆ.