ಆರೆಂಜ್ ಅಲರ್ಟ್ ಅಂದರೆ ನಮ್ಮ ಮನೆಯವರು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಉಡುಪಿ ಕಲ್ಸಂಕದ ಹತ್ತಿರ, ತೋಡಿನ ಬದಿಯಲ್ಲೇ ನಮ್ಮ ಮನೆ. 2020ರ ಸೆಪ್ಟೆಂಬರ್ ನೆರೆಗೆ ಒಳಗೆಲ್ಲ ನೀರು ಬಂದಿತ್ತು. ಆಮೇಲೆ ದಿನಾ ಬೆಳಿಗ್ಗೆ ಹವಾಮಾನ ವರದಿ ನೋಡುತ್ತೇನೆ. ಮೊನ್ನೆ ಆರೆಂಜ್ ಅಂದರು, ಬಿಸಿಲು ಬಂತು. ನಿನ್ನೆ ಬರೀ ಯೆಲ್ಲೋ, ಸಂಜೆಗೆ ಅಂಗಳದಲ್ಲಿ ಮೊಣಕಾಲು ಮಟ್ಟ ನೀರು! ಮನೆಯಲ್ಲಿ ನಡೆಯಲು ಕಷ್ಟಪಡುವ ಅತ್ತೆ ಇದ್ದಾರೆ. ಏನನ್ನು ನಂಬಬೇಕು?

ಉತ್ತರ: ಅಕ್ಕ, ನಿಮ್ಮ ಗಾಬರಿ ಅರ್ಥವಾಗುತ್ತದೆ. ಮೊದಲು ಒಂದು ವಿಷಯ. ಆ ಬಣ್ಣ ನಿಮ್ಮ ಅಂಗಳಕ್ಕೆ ಹೇಳಿದ್ದಲ್ಲ. ಶಿರೂರಿನಿಂದ ಹೆಜಮಾಡಿವರೆಗೆ ಇಡೀ ಜಿಲ್ಲೆಗೆ ಒಂದೇ ಬಣ್ಣ. ಹೆಬ್ರಿಯಲ್ಲಿ ಸುರಿದು ಕಲ್ಸಂಕದಲ್ಲಿ ಬಿಸಿಲಿದ್ದರೆ ವರದಿ ಸುಳ್ಳಾಯಿತು ಅಂತಲ್ಲ. ಯೆಲ್ಲೋ ಅಂದರೆ ಗಮನ ಇಡಿ, ಆರೆಂಜ್ ಅಂದರೆ ತಯಾರಾಗಿ, ರೆಡ್ ಅಂದರೆ ಕೆಲಸಕ್ಕೆ ಇಳಿಯಿರಿ. ಇಷ್ಟೇ.

ಇನ್ನು ಅಳತೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಮಳೆ ಅಳೆಯುವ ನಾವು ಬೆಳಿಗ್ಗೆ 8.30ಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತೇವೆ. ಆ ಅಂಕಿ ನಿನ್ನೆ 8.30ರಿಂದ ಇವತ್ತಿನ 8.30ರವರೆಗಿನದು. ಆದರೆ ಅದೇ 70 ಮಿ.ಮೀ. ಇಡೀ ದಿನ ಜಿಟಿಜಿಟಿ ಬಿದ್ದರೆ ತೋಡು ತಡೆದುಕೊಳ್ಳುತ್ತದೆ. ಎರಡೇ ಗಂಟೆಯಲ್ಲಿ ಸುರಿದರೆ? ನಿನ್ನೆ ನೀವು ನೋಡಿದ್ದು ಹೆಚ್ಚು ಕಡಿಮೆ ಅದೇ ಇರಬೇಕು. ಸಾವಿರ ಚದರಡಿ ಟೆರೇಸಿನ ಮೇಲೆ 100 ಮಿ.ಮೀ. ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಜಾಸ್ತಿ ನೀರು. ಊರಿನ ಅಷ್ಟೂ ಮಾಡಿನ ನೀರು ಇಳಿಯುವುದು ತೋಡಿಗೇ ಅಲ್ವಾ?

ಹಾಗಾಗಿ ಬೆಳಗಿನ ವರದಿ ನೋಡಿ ಸುಮ್ಮನಾಗಬೇಡಿ. ಹವಾಮಾನ ಇಲಾಖೆ ಮುಂದಿನ 3 ಗಂಟೆಗೆ ಅಂತ ಬೇರೆ ಮುನ್ಸೂಚನೆ ಕೊಡುತ್ತದೆ, ನಿಮಗೆ ಬೇಕಾದದ್ದು ಅದು. ಫಾರ್ವರ್ಡ್ ಬಂದರೆ ಮೊದಲು ದಿನಾಂಕ ನೋಡಿ. ಹೋದ ವರ್ಷದ ರೆಡ್ ಅಲರ್ಟ್ ಈಗಲೂ ಓಡಾಡುತ್ತಿರುತ್ತದೆ.

ತೋಡಿನ ಕಟ್ಟೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ನೀರು ಅಲ್ಲಿಗೆ ಬಂತೋ, ಅತ್ತೆಯನ್ನು ಎತ್ತರದ ಮನೆಗೆ ಕಳಿಸಿ. ಮಳೆ ನಿಲ್ಲುತ್ತದಾ ಅಂತ ಕಾಯಬೇಡಿ, ಕತ್ತಲಾಗುವ ಮೊದಲೇ ಹೋಗಲಿ. ಅವರ ಮಾತ್ರೆ, ಚೀಟಿ, ಆಧಾರ್ ಒಂದೇ ಚೀಲದಲ್ಲಿರಲಿ. ನೀರು ಒಳಗೆ ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ. ನೀರಲ್ಲಿ ನಿಂತು ಮಾತ್ರ ಮುಟ್ಟಬೇಡಿ. ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ 1077, ಗೋಡೆಗೆ ಬರೆದಿಡಿ.

ಪ್ರಶ್ನೆ: ಅಣ್ಣ, ನಮ್ಮದು ಮಲ್ಪೆಯಲ್ಲಿ ನಾಡದೋಣಿ. ಮಳೆ ಇಲ್ಲದಿದ್ದರೂ ಕಡಲಿಗೆ ಇಳಿಯಬೇಡಿ ಅನ್ನುತ್ತಾರಲ್ಲ, ಯಾಕೆ?

ಉತ್ತರ: ದೂರದ ದಕ್ಷಿಣ ಸಾಗರದಲ್ಲಿ ಗಾಳಿಗೆ ಎದ್ದ ಅಲೆ ಇಲ್ಲಿಗೆ ಬಂದು ಮುಟ್ಟಲು ದಿನಗಳೇ ಬೇಕು. ಆಗ ನಮ್ಮಲ್ಲಿ ಆಕಾಶ ತಿಳಿಯಾಗಿರಬಹುದು. ಅದನ್ನು ನೋಡಿ ಹೊರಡಬೇಡಿ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಸಮಯ ಎರಡನ್ನೂ ಹೇಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರವೂ ಸೇರಿದರೆ ದಡದಲ್ಲಿ ಕಟ್ಟಿದ ದೋಣಿಯನ್ನೂ ಇನ್ನಷ್ಟು ಮೇಲೆ ಎಳೆದಿಡಿ.